ಧಾರಾವಾಹಿಗೊಂದು ಮಂಗಲ

ಆರಂಭವಾದದ್ದಕ್ಕೆ ಮುಕ್ತಾಯವುಂಟು ಎಂಬುದು ಎಲ್ಲರೂ ಬಲ್ಲ ಮಾತು. ಆದರೂ ಮನೆಮಂದಿಯೆಲ್ಲ ಕೂಡಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡಿದ ದೂರದರ್ಶನ ಧಾರಾವಾಹಿಯೊಂದು ಮುಗಿದ ದಿನ ಮನೆಯಲ್ಲಿ ಒಂದು ವಿಧವಾದ ಬರಿದುತನ ಕವಿಯುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಯಾರಿಗೂ ಏನೂ ಆಗಿರುವುದಿಲ್ಲ. ಆದರೂ ಏನೋ ಕಳೆದುಹೋದ ಭಾವ. ವಾರವಾರವೂ ತಪ್ಪದೆ ಬರುತ್ತಿದ್ದ ನೆಂಟರು ಇನ್ನು ಬರುವುದಿಲ್ಲವೆಂದು ತಿಳಿದಾಗ ಆಗುವ ಬೇಸರದಂಥದು ಅದು. ಮಕ್ಕಳು ಈ ಬೇಸರವನ್ನು ಬಾಯಿಬಿಟ್ಟು ಹೇಳುತ್ತಾರೆ. ದೊಡ್ಡವರು ನಾಚಿಕೊಂಡು ನುಂಗುತ್ತಾರೆ. ಪರದೆಯ ಮೇಲಿನ ಬೊಂಬೆಗಳಿಗಾಗಿ ಯಾರಾದರೂ ಕೊರಗುವರೇ ಎಂದು ಹರೆಯದವರು ಹಿರಿಯರನ್ನು ಹಾಸ್ಯ ಮಾಡುವುದೂ ಉಂಟು.

ಈ ಬೇಸರವನ್ನು ಹಾಸ್ಯಕ್ಕೆ ಬಿಟ್ಟುಕೊಡದೆ ತುಸು ವಿಚಾರಕ್ಕೆ ತಂದುಕೊಳ್ಳಬೇಕೆಂಬುದು ನಮ್ಮ ಆಶಯ. ಧಾರಾವಾಹಿ ಮುಗಿದಾಗ ನಾವು ಕಳೆದುಕೊಳ್ಳುವುದು ಏನನ್ನು? ಕಥೆಯನ್ನೋ, ಕಥೆಯ ನೆಪದಲ್ಲಿ ಕೂಡಿಬಂದಿದ್ದ ಜನರನ್ನೋ? ಕಳೆದುಕೊಂಡದ್ದನ್ನು ಉಳಿಸಿಕೊಳ್ಳುವ ದಾರಿ ನಮ್ಮ ಮನೆಗಳಲ್ಲಿ, ನಮ್ಮ ಮಠಗಳಲ್ಲಿ ಮೊದಲಿನಿಂದಲೂ ಇತ್ತಲ್ಲವೇ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ನಾಡು ಕಂಡ ಕೆಲವು ವಿದಾಯಗಳನ್ನು ಇಲ್ಲಿ ನೆನೆಯೋಣ.

ಹಳ್ಳಿಗಳು ಕಂಡ ಮೊದಲ ವಿದಾಯ

ದೂರದರ್ಶನಕ್ಕೆ ವಿದಾಯ ಹೇಳುವ ಅನುಭವ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬಹು ಮುಂಚೆಯೇ ಒದಗಿತ್ತು. ಬೆಂಗಳೂರಿನ ಮನೆಗಳಿಗೂ ದೂರದರ್ಶನ ಬಾರದಿದ್ದ ಆ ದಿನಗಳಲ್ಲಿ, 1975ರ ಆಗಸ್ಟ್ 1ರಂದು, 'ಸೈಟ್' ಎಂಬ ಹೆಸರಿನ ಉಪಗ್ರಹ ಬೋಧನಾ ಪ್ರಯೋಗ ನಮ್ಮ ದೇಶದಲ್ಲಿ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಮತ್ತು ಧ್ವನಿಯನ್ನು ತಲುಪಿಸಿದ ಪ್ರಯೋಗವದು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯಿಂದ ಹೆಣೆದ ಮೂರು ಮೀಟರ್ ಅಗಲದ ಕೊಡೆಯಾಕಾರದ ಆಂಟೆನಾ, ಅದರ ಬುಡದಲ್ಲಿ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಹಾಡು, ನಾಟಕ ಎಲ್ಲವೂ ಕನ್ನಡದಲ್ಲಿಯೇ ಬಂದವು. ಸಂಜೆಯಾಯಿತೆಂದರೆ ಊರಿನ ಜನ ಅದರ ಮುಂದೆ ಸೇರುತ್ತಿದ್ದರು.

ಒಂದು ವರ್ಷ ತುಂಬಿತು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಎರವಲು ತಂದ ಉಪಗ್ರಹ ತನ್ನ ಒಡೆಯರ ಕಡೆಗೆ ಸರಿದುಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಸ್ಥಾಪನೆಯಾಗಿ ಅದರ ವ್ಯಾಪ್ತಿಯೊಳಗಿನ ಊರುಗಳಿಗೆ ದೂರದರ್ಶನ ಮರಳಿ ಬಂದಿತಾದರೂ, ಆ ವ್ಯಾಪ್ತಿಯ ಆಚೆಗಿದ್ದ ಹಳ್ಳಿಗಳು ಆಮೇಲೆ ಬಹುಕಾಲ ಕಾಯಬೇಕಾಯಿತು. ಒಂದು ವರ್ಷ ಮಾತನಾಡಿದ ಪೆಟ್ಟಿಗೆ ಮೂಕವಾದಾಗ ಆ ಊರುಗಳ ಜನ ಏನು ಮಾಡಿದರು? ಹಿಂದೆ ಮಾಡುತ್ತಿದ್ದುದನ್ನೇ ಮಾಡಿದರು. ಗುಡಿಯ ಕಟ್ಟೆಗೆ ಭಜನೆಯ ಮೇಳ ಮರಳಿತು. ಶ್ರಾವಣ ಬಂದಾಗ ಮಠದ ಅಂಗಳದಲ್ಲಿ ಪುರಾಣ ಹಚ್ಚಿದರು. ಅವರಿಗೆ ಮರಳಿ ಹೋಗಲು ಒಂದು ಸ್ಥಳವಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಬೇಕಾಗುತ್ತದೆ.

ಭಾನುವಾರದ ಮುಂಜಾವು

ಇದಾದ ಸರಿಯಾಗಿ ಹನ್ನೆರಡು ವರ್ಷಗಳಿಗೆ, ಅದೇ ಜುಲೈ 31ರಂದು, ಇಡೀ ದೇಶವೇ ಒಂದು ಧಾರಾವಾಹಿಗೆ ವಿದಾಯ ಹೇಳಿತು. ರಮಾನಂದ ಸಾಗರರು ನಿರ್ಮಿಸಿ ನಿರ್ದೇಶಿಸಿದ 'ರಾಮಾಯಣ' 1987ರ ಜನವರಿ 25ರ ಭಾನುವಾರ ಆರಂಭವಾಗಿ 1988ರ ಜುಲೈ 31ರ ಭಾನುವಾರ, ಶ್ರೀರಾಮ ಪಟ್ಟಾಭಿಷೇಕದೊಂದಿಗೆ ಮುಗಿಯಿತು. ಮೊದಲು ಯೋಜಿಸಿದ್ದು 52 ಕಂತುಗಳನ್ನು. ಜನರ ಒತ್ತಾಯಕ್ಕೆ ಮಣಿದು ಮತ್ತೆ ಮತ್ತೆ ಹಿಗ್ಗಿಸಿ ಕೊನೆಗೆ 78 ಕಂತುಗಳಾದವು. ಅಂದರೆ ಒಂದೂವರೆ ವರ್ಷ ಭಾನುವಾರದ ಮುಂಜಾವು ಈ ಕಥೆಗೆ ಮೀಸಲಾಗಿತ್ತು.

ಆ ಭಾನುವಾರಗಳನ್ನು ಕಂಡವರಿಗೆ ವರ್ಣನೆ ಬೇಕಿಲ್ಲ. ಕಾಣದ ಕಿರಿಯರಿಗಾಗಿ ಎರಡು ಮಾತು. ಒಂಬತ್ತೂವರೆಯ ಹೊತ್ತಿಗೆ ರಸ್ತೆಗಳು ನಿರ್ಜನವಾಗುತ್ತಿದ್ದವು, ಅಂಗಡಿಗಳು ಬಾಗಿಲು ಎಳೆದುಕೊಳ್ಳುತ್ತಿದ್ದವು, ಮದುವೆ ಮುಂಜಿಗಳ ವೇಳೆಯನ್ನು ಕೂಡ ನೋಡಿಕೊಂಡು ಇಡುತ್ತಿದ್ದರು. ನಮ್ಮವರ ಮನೆಗಳಲ್ಲಿ ಸ್ನಾನ, ಇಷ್ಟಲಿಂಗಪೂಜೆ, ಉಪಾಹಾರಗಳು ಆ ವೇಳೆಯೊಳಗೆ ಮುಗಿಯುತ್ತಿದ್ದವು. ಮಾಡಿನ ಮೇಲಿನ ಆಂಟೆನಾ ಗಾಳಿಗೆ ತಿರುಗಿದ್ದರೆ ಮನೆಯ ಹುಡುಗನೊಬ್ಬ ಏರಿ ಅದನ್ನು ಸರಿಪಡಿಸಬೇಕು. ಕೆಳಗಿನಿಂದ ಇನ್ನೊಬ್ಬರು ಬಂತು, ಹೋಯಿತು ಎಂದು ಕೂಗಬೇಕು. ವಿದ್ಯುತ್ತು ಹೋಯಿತೆಂದರೆ ಕಥೆ ಬಲ್ಲ ಅಜ್ಜಿಯೇ ಉಳಿದ ಭಾಗವನ್ನು ಹೇಳಿ ಮುಗಿಸಬೇಕು.

ಧಾರಾವಾಹಿ ಹಿಂದಿಯಲ್ಲಿತ್ತು. ಹಿಂದಿಯ ಗಂಧವಿಲ್ಲದ ನಮ್ಮ ಹಿರಿಯರು ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಅದಕ್ಕೆ ಕಾರಣ ಕಥೆ ಅವರಿಗೆ ಮೊದಲೇ ಗೊತ್ತಿತ್ತು. ಬಯಲಾಟದಲ್ಲಿ, ಹರಿಕಥೆಯಲ್ಲಿ, ಬೀಸುವ ಕಲ್ಲಿನ ಹಾಡಿನಲ್ಲಿ ಕೇಳಿದ್ದನ್ನೇ ಪರದೆಯಲ್ಲಿ ಗುರುತಿಸಿದರು. ಶಾಲೆಯಲ್ಲಿ ನಾಲ್ಕಕ್ಷರ ಹಿಂದಿ ಕಲಿತ ಮೊಮ್ಮಗಳು ಮಾತಿನ ಅರ್ಥ ಹೇಳಿದರೆ, ಅಜ್ಜಿ ಆ ಮಾತಿನ ಹಿಂದುಮುಂದಿನ ಕಥೆಯನ್ನು ಹೇಳುವಳು. ಹೀಗೆ ಎರಡು ತಲೆಮಾರುಗಳ ನಡುವೆ ಕೊಡುಕೊಳೆ ನಡೆಯುತ್ತಿತ್ತು.

ಇದೆಲ್ಲವನ್ನೂ ಮೆಚ್ಚಿಕೊಳ್ಳುವಾಗ ಎರಡು ಸಂಗತಿಗಳನ್ನು ಮರೆಮಾಚಲಾಗದು. ಒಂದು, ಅನೇಕರು ಪೆಟ್ಟಿಗೆಗೇ ಹೂಮಾಲೆ ಹಾಕಿ, ಊದುಬತ್ತಿ ಬೆಳಗಿ, ಕೈಮುಗಿದರು. ದೇವರನ್ನು ಅಂಗೈಯಲ್ಲಿ ಕಾಣಿರೆಂದು ಕಲಿಸಿದ ಶರಣರ ಮಕ್ಕಳು ಯಂತ್ರಕ್ಕೆ ಆರತಿ ಎತ್ತಬೇಕಾಗಿರಲಿಲ್ಲ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಓಣಿಗೆ ಒಂದೋ ಎರಡೋ ಪೆಟ್ಟಿಗೆಗಳಿದ್ದ ಕಾಲವದು. ನೋಡಬಂದವರು ಹಲವರು. ಅವರಲ್ಲಿ ಪಡಸಾಲೆಯೊಳಗೆ ಕುಳಿತವರು ಯಾರು, ಬಾಗಿಲ ಬಳಿ ನಿಂತವರು ಯಾರು, ಕಿಟಕಿಯ ಸರಳು ಹಿಡಿದು ಹೊರಗಿನಿಂದ ಇಣುಕಿದವರು ಯಾರು? ಒಂದೇ ಕಥೆಯನ್ನು ನೋಡುವಾಗಲೂ ಒಳಗಿನವರು ಹೊರಗಿನವರು ಎಂಬ ಭೇದ ಹಲವು ಕಡೆ ಉಳಿದೇ ಇತ್ತು. ಕಿಟಕಿಯ ಹೊರಗಿನವರನ್ನು ಒಳಗೆ ಕರೆದ ಮನೆಗಳೂ ಇದ್ದವು. ಅಂಥ ಮನೆಗಳಲ್ಲಿ ಭಾನುವಾರದ ಆ ಮುಕ್ಕಾಲು ಗಂಟೆ ನಿಜವಾದ ಸತ್ಸಂಗವಾಯಿತು.

ಪೊರಕೆ ಕೆಳಗಿಟ್ಟ ಕೈಗಳು

ರಾಮಾಯಣಕ್ಕೆ ವಿದಾಯ ಹೇಳಲು ಒಪ್ಪದವರು ಒಬ್ಬರಿದ್ದರು. ಅವರ ಕಥೆಯನ್ನು ನಮ್ಮ ಓದುಗರು ಅವಶ್ಯವಾಗಿ ತಿಳಿಯಬೇಕು.

ಪಂಜಾಬಿನ ಜಾಲಂಧರ ನಗರದ ಪೌರಕಾರ್ಮಿಕರು, ಪಟ್ಟಾಭಿಷೇಕದೊಂದಿಗೆ ಕಥೆ ಮುಗಿಯುತ್ತದೆಂದು ತಿಳಿದು, ಪೊರಕೆಗಳನ್ನು ಕೆಳಗಿಟ್ಟು ಮುಷ್ಕರ ಹೂಡಿದರು. ಅವರು ಕೇಳಿದ್ದು ಸಂಬಳವನ್ನಲ್ಲ. ಉತ್ತರಕಾಂಡವನ್ನೂ ತೋರಿಸಬೇಕು ಎಂದು ಕೇಳಿದರು. ಅವರು ವಾಲ್ಮೀಕಿ ಮಹರ್ಷಿಯನ್ನು ತಮ್ಮ ಮೂಲಪುರುಷನೆಂದು, ಗುರುವೆಂದು ಪೂಜಿಸುವ ಸಮುದಾಯದವರು. ಪರಿತ್ಯಕ್ತೆಯಾದ ಸೀತಾಮಾತೆಗೆ ಆಶ್ರಯ ದೊರೆತದ್ದು ವಾಲ್ಮೀಕಿಯ ಆಶ್ರಮದಲ್ಲಿ. ಲವಕುಶರು ಹುಟ್ಟಿ ಬೆಳೆದು ವಿದ್ಯೆ ಕಲಿತದ್ದು ಅಲ್ಲಿ. ರಾಮಕಥೆಯನ್ನು ಮೊದಲು ಹಾಡಿದ್ದೂ ಆ ಆಶ್ರಮದ ಮಕ್ಕಳೇ. ಅರಮನೆಯ ವೈಭವದಲ್ಲಿ ಕಥೆ ಮುಗಿದರೆ ಆಶ್ರಮದ ಬಾಗಿಲು ತೆರೆಯುವುದೇ ಇಲ್ಲ. ತಮ್ಮ ಗುರುವಿನ ಮನೆಗೆ ಕಥೆ ಬಾರದೆ ನಿಲ್ಲಬಾರದೆಂಬುದು ಅವರ ಹಟ. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಬೀದಿಗಳಲ್ಲಿ ಕಸ ರಾಶಿಯಾಗಿ ರೋಗರುಜಿನಗಳ ಭಯ ಹುಟ್ಟಿತು. ಕೊನೆಗೆ ಸರಕಾರವೇ ಮಣಿದು ಮುಂದಿನ ಭಾಗಕ್ಕೆ ಅನುಮತಿ ನೀಡಿತು. 1988ರ ಅಕ್ಟೋಬರಿನಲ್ಲಿ ಆರಂಭವಾದ 'ಉತ್ತರ ರಾಮಾಯಣ' 1989ರಲ್ಲಿ ಮುಗಿಯಿತು.

ಪಟ್ಟಣದ ಸುಶಿಕ್ಷಿತರು ಹಲವರು ಇದನ್ನು ಕೇಳಿ ನಕ್ಕರು. ಧಾರಾವಾಹಿಗಾಗಿ ಮುಷ್ಕರವೇ ಎಂದರು. ಕಾಯಕತತ್ತ್ವವನ್ನು ಬಲ್ಲ ನಾವು ನಗಲಾರೆವು. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು ಶರಣೆಯೆಂದು ಗೌರವಿಸಿದ ಪರಂಪರೆ ನಮ್ಮದು. ಊರನ್ನು ಗುಡಿಸುವ ಕೈಗಳಿಗೆ ಊರಿನ ಕಥೆಯಲ್ಲಿ ಪಾಲಿಲ್ಲವೆಂದರೆ ಅದು ಯಾವ ನ್ಯಾಯ? ಒಂದು ಕಥೆ ಎಲ್ಲಿ ಮುಗಿಯಬೇಕೆಂಬುದನ್ನು ಅರಮನೆಯವರಷ್ಟೇ ನಿರ್ಧರಿಸುವಂತಿಲ್ಲ ಎಂದು ಜಾಲಂಧರದ ಶ್ರಮಿಕರು ನಾಡಿಗೆಲ್ಲ ತಿಳಿಸಿಕೊಟ್ಟರು. ಅವರು ಬೇಡಿದ್ದು ಮನರಂಜನೆಯ ವಿಸ್ತರಣೆಯೆಂದು ನಾವು ಭಾವಿಸುವುದಿಲ್ಲ. ಅವರು ಬೇಡಿದ್ದು ಮರ್ಯಾದೆಯ ಮುಕ್ತಾಯವನ್ನು.

ಪುರಾಣದ ಮಂಗಲ

ಮರ್ಯಾದೆಯ ಮುಕ್ತಾಯವೆಂದರೆ ಹೇಗಿರುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1988ರಲ್ಲಿ ರಾಮಾಯಣ ಮುಗಿದದ್ದು ಆಷಾಢದಲ್ಲಿ. ಎರಡು ವಾರ ಕಳೆಯುವುದರೊಳಗೆ ಶ್ರಾವಣ ಹಿಡಿಯಿತು. ಶ್ರಾವಣವೆಂದರೆ ನಮ್ಮ ಮಠಮಾನ್ಯಗಳಲ್ಲಿ, ಅದರಲ್ಲಿಯೂ ಉತ್ತರ ಕರ್ನಾಟಕದ ಊರೂರುಗಳಲ್ಲಿ, ಪುರಾಣ ಪ್ರವಚನದ ತಿಂಗಳು.

ಸ್ವಲ್ಪ ಯೋಚಿಸಿದರೆ ಪುರಾಣವೂ ಒಂದು ಧಾರಾವಾಹಿಯೇ. ಭೀಮಕವಿ 1369ರಲ್ಲಿ ರಚಿಸಿದ 'ಬಸವಪುರಾಣ'ವನ್ನೋ, ಚಾಮರಸನ 'ಪ್ರಭುಲಿಂಗಲೀಲೆ'ಯನ್ನೋ, ಶರಣರ ಚರಿತ್ರೆಯ ಬೇರೊಂದು ಪುರಾಣವನ್ನೋ ಹಚ್ಚಿದರೆ ತಿಂಗಳುದ್ದಕ್ಕೂ ದಿನಕ್ಕೊಂದು ಭಾಗ ನಡೆಯುತ್ತದೆ. ಗವಾಯಿಗಳು ಹಾರ್ಮೋನಿಯಮ್ಮಿನ ಶ್ರುತಿಗೆ ಷಟ್ಪದಿಯನ್ನು ಹಾಡುವರು. ಶಾಸ್ತ್ರಿಗಳು ಅರ್ಥ ಬಿಡಿಸಿ, ಉಪಕಥೆ ಸೇರಿಸಿ, ನಗಿಸಿ ಅಳಿಸುವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914-2010) ಸಂಗೀತದೊಂದಿಗೆ ಪುರಾಣರಚನೆಯಲ್ಲಿಯೂ ಈ ಪರಂಪರೆಯನ್ನು ಬೆಳೆಸಿದವರು. ಕಥೆಯನ್ನು ಕುತೂಹಲದ ತುದಿಗೆ ತಂದು ಮುಂದಿನದು ನಾಳೆಗೆ ಎಂದು ನಿಲ್ಲಿಸುವ ಕಲೆ ದೂರದರ್ಶನದವರು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಪುರಾಣಿಕರು ಅದನ್ನು ತಲೆತಲಾಂತರದಿಂದ ಬಲ್ಲರು.

ಆದರೆ ಮುಗಿಸುವ ರೀತಿಯಲ್ಲಿ ಅಜಗಜಾಂತರವಿದೆ. ಧಾರಾವಾಹಿ ಮುಗಿದಾಗ ಹೆಸರುಗಳ ಪಟ್ಟಿ ಓಡುತ್ತದೆ, ಜಾಹೀರಾತು ಬರುತ್ತದೆ, ಮರುವಾರ ಅದೇ ವೇಳೆಗೆ ಇನ್ನೊಂದು ಕಾರ್ಯಕ್ರಮ ಬಂದು ಕುಳಿತುಕೊಳ್ಳುತ್ತದೆ. ಪುರಾಣ ಮುಗಿದಾಗ ಮಂಗಲವಾಗುತ್ತದೆ. ಆ ದಿನ ಗ್ರಂಥಕ್ಕೆ ಪೂಜೆ ಸಲ್ಲಿಸಿ, ಪಲ್ಲಕ್ಕಿಯಲ್ಲಿಟ್ಟು, ಭಜನೆ ಡೊಳ್ಳುಗಳೊಂದಿಗೆ ಊರ ಬೀದಿಗಳಲ್ಲಿ ಮೆರೆಸುವರು. ಹಾಡಿದವರಿಗೆ, ಹೇಳಿದವರಿಗೆ, ದೀಪಕ್ಕೆ ಎಣ್ಣೆ ಕೊಟ್ಟವರಿಗೆ, ಚಾಪೆ ಹಾಸಿದವರಿಗೆ ಹೆಸರು ಹಿಡಿದು ಸನ್ಮಾನ. ಮನೆಮನೆಯಿಂದ ಬಂದ ಜೋಳ, ಗೋದಿ, ಬೆಲ್ಲಗಳಿಂದ ದಾಸೋಹ. ಪುರಾಣ ಕೇಳಿದವರೂ ಕೇಳದವರೂ ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುವರು. ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ ಎತ್ತಿಡುವಾಗ ಅಜ್ಜಿಯರ ಕಣ್ಣು ಒದ್ದೆಯಾಗುವುದುಂಟು. ಅದನ್ನು ಯಾರೂ ಹಾಸ್ಯ ಮಾಡುವುದಿಲ್ಲ. ಬರುವ ಶ್ರಾವಣಕ್ಕೆ ಮತ್ತೆ ಕೂಡುವೆವೆಂಬ ಭರವಸೆಯಿಂದ ಎಲ್ಲರೂ ಮನೆಗೆ ತೆರಳುವರು.

ಇಲ್ಲಿ ಕಥೆ ಮುಗಿಯಿತು, ಕೂಟ ಮುಗಿಯಲಿಲ್ಲ. ರಾಮಾಯಣ ಧಾರಾವಾಹಿ ಮುಗಿದಾಗ ನಮ್ಮ ಓಣಿಗಳಲ್ಲಿ ಆದದ್ದು ಇದಕ್ಕೆ ವಿರುದ್ಧ. ಕಥೆ ಮನಸ್ಸಿನಲ್ಲಿ ಉಳಿಯಿತು, ಕೂಟ ಚದುರಿತು. ಭಾನುವಾರ ಪಡಸಾಲೆಗೆ ಬಂದು ಕೂರುತ್ತಿದ್ದ ನೆರೆಯ ಹಿರಿಯರಿಗೆ ಇನ್ನು ಬರಲು ನೆಪವಿರಲಿಲ್ಲ. ಒಂಬತ್ತು ವಾರಗಳ ಬಳಿಕ, 1988ರ ಅಕ್ಟೋಬರ್ 2ರಂದು, ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಆರಂಭವಾದಾಗ ಕೂಟ ಮತ್ತೆ ಸೇರಿತು. ಅದು 94 ಕಂತುಗಳನ್ನು ಪೂರೈಸಿ 1990ರ ಜೂನ್ 24ರಂದು ಮುಗಿಯಿತು. ಆಮೇಲೆ ಮನೆಮನೆಗೂ ಪೆಟ್ಟಿಗೆ ಬಂದಿತು, ಕೇಬಲ್ ತಂತಿ ಬಂದಿತು, ವಾಹಿನಿಗಳು ಹೆಚ್ಚಿದವು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ನೋಡುವ ಕಾಲ ಕ್ರಮೇಣ ಮುಗಿಯಿತು. ನಾವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ತೋರುತ್ತದೆ. ಮೆಚ್ಚಿನ ಧಾರಾವಾಹಿ ಮುಗಿದಾಗ ನೊಂದ ಹಿರಿಯ ಜೀವ ಹಂಬಲಿಸಿದ್ದು ಪರದೆಯ ರಾಮನಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಕುಳಿತು ನಿಟ್ಟುಸಿರಿಡುತ್ತಿದ್ದ ಗೆಳತಿಗಾಗಿ.

ಮರಳಿ ಬಂದ ರಾಮಾಯಣ

ಮುಗಿದ ಕಥೆ ಮರಳಿ ಬಂದರೆ ಕೂಟವೂ ಮರಳುವುದೇ? ಇದನ್ನು ಪರೀಕ್ಷಿಸುವ ಸಂದರ್ಭವನ್ನೂ ಕಾಲ ತಂದಿತು. 2020ರ ಮಾರ್ಚ್ 25ರಿಂದ ಕೊರೊನಾ ವ್ಯಾಧಿಯ ನಿಮಿತ್ತ ದೇಶಕ್ಕೆ ದೇಶವೇ ಮನೆಯೊಳಗೆ ಬಂದಿಯಾಯಿತು. ಮಾರ್ಚ್ 28ರಿಂದ ದೂರದರ್ಶನವು ಅದೇ ಹಳೆಯ ರಾಮಾಯಣವನ್ನು ಮರುಪ್ರಸಾರ ಮಾಡಿತು. ಮೂವತ್ತಮೂರು ವರ್ಷಗಳ ಹಿಂದೆ ಮಕ್ಕಳಾಗಿ ನೋಡಿದವರು ಈಗ ತಮ್ಮ ಮಕ್ಕಳೊಂದಿಗೆ ನೋಡಿದರು. ರಮಾನಂದ ಸಾಗರರು 2005ರಲ್ಲಿಯೇ ತೀರಿಕೊಂಡಿದ್ದರು. ಹನುಮಂತನಾಗಿದ್ದ ದಾರಾ ಸಿಂಗ್ 2012ರಲ್ಲಿ ಗತಿಸಿದ್ದರು. ಪರದೆಯ ಮೇಲೆ ಮಾತ್ರ ಯಾರಿಗೂ ಮುಪ್ಪಿರಲಿಲ್ಲ.

ಏಪ್ರಿಲ್ 18ರಂದು ಪಟ್ಟಾಭಿಷೇಕ ಮುಗಿಯಿತು. ಈ ಸಲ ಯಾರೂ ಮುಷ್ಕರ ಹೂಡಬೇಕಾಗಲಿಲ್ಲ. ಮರುದಿನವೇ, ಏಪ್ರಿಲ್ 19ರಂದು, ಉತ್ತರ ರಾಮಾಯಣ ಆರಂಭವಾಯಿತು. ಅಂದು ಜಾಲಂಧರದ ಶ್ರಮಿಕರು ಹಟ ಹಿಡಿದು ಗಳಿಸಿದ ಭಾಗ ಇಂದು ಕಥೆಯ ಸಹಜವಾದ ಅಂಗವಾಗಿ ಬಿಟ್ಟಿತ್ತು. ಆ ದಿನಗಳಲ್ಲಿ ನಾವೆಲ್ಲ ಒಳಗಿದ್ದಾಗಲೂ ಬೀದಿ ಗುಡಿಸಲು ಹೊರಗೆ ಹೋದವರು ಪೌರಕಾರ್ಮಿಕರೇ ಎಂಬುದನ್ನು ಸಹ ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಕಥೆ ಮರಳಿತು, ಕೂಟ ಮರಳಲಿಲ್ಲ. ಮರಳುವಂತಿರಲಿಲ್ಲ. ನೆರೆಮನೆಯ ಬಾಗಿಲು ಮುಚ್ಚಿತ್ತು, ನಮ್ಮದೂ ಮುಚ್ಚಿತ್ತು. ಮನೆಮಂದಿಯಷ್ಟೇ ಒಟ್ಟಿಗೆ ಕುಳಿತರು. ಅದೂ ಸಣ್ಣ ಭಾಗ್ಯವೇನಲ್ಲ. ಒಬ್ಬಂಟಿಯಾಗಿದ್ದ ಹಿರಿಯರು ಒಬ್ಬಂಟಿಯಾಗಿಯೇ ನೋಡಿದರು.

ಅದೇ ವರ್ಷ ಕನ್ನಡದ ವೀಕ್ಷಕರಿಗೆ ಇನ್ನೊಂದು ಬಗೆಯ ವಿದಾಯವೂ ಒದಗಿತು. ಚಿತ್ರೀಕರಣಗಳು ನಿಂತುಹೋದ ಆ ದಿನಗಳಲ್ಲಿ ಕೆಲವು ಧಾರಾವಾಹಿಗಳು ಮತ್ತೆ ತಲೆಯೆತ್ತಲಿಲ್ಲ. ಟಿ.ಎನ್. ಸೀತಾರಾಂ ಅವರ 'ಮಗಳು ಜಾನಕಿ' 2018ರಲ್ಲಿ ಆರಂಭವಾಗಿ ಅನೇಕ ಮನೆಗಳ ಪ್ರೀತಿ ಗಳಿಸಿತ್ತು. ಅದೂ 2020ರಲ್ಲಿ ಅರ್ಧದಲ್ಲಿಯೇ ನಿಂತಿತು. ಮಂಗಲವಿಲ್ಲದ ಮುಕ್ತಾಯ ಎಷ್ಟು ಕಾಡುತ್ತದೆಂಬುದನ್ನು ಅದನ್ನು ನೋಡುತ್ತಿದ್ದವರು ಬಲ್ಲರು. ಆಮೇಲೆ ಜಾನಕಿಗೆ ಏನಾಯಿತು ಎಂದು ಕೇಳಿದ ತಾಯಂದಿರಿಗೆ ಉತ್ತರ ಹೇಳುವವರಿರಲಿಲ್ಲ.

ಈಗಿನ ಸ್ಥಿತಿಯಂತೂ ಇನ್ನೂ ಬೇರೆ. ಮಗ ತನ್ನ ಕೋಣೆಯಲ್ಲಿ, ಮಗಳು ತನ್ನ ಮೊಬೈಲಿನಲ್ಲಿ, ತಾಯಿ ಅಡುಗೆಮನೆಯಲ್ಲಿ ಒಂದೊಂದು ಕಥೆ ನೋಡುತ್ತಾರೆ. ತಿಂಗಳುಗಟ್ಟಲೆ ನಡೆಯಬೇಕಾದ ಕಥೆಯನ್ನು ಒಂದೇ ರಾತ್ರಿ ನೋಡಿ ಮುಗಿಸುವುದೂ ಉಂಟು. ಬೆಳಿಗ್ಗೆ ಮಗುವಿನ ಮುಖ ಬಾಡಿರುತ್ತದೆ. ಅದಕ್ಕೆ ಪ್ರಿಯವಾದ ಕಥೆಯೊಂದು ಮುಗಿಯಿತೆಂಬುದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹಿಂದೆ ಬೇಸರವನ್ನಾದರೂ ಹಂಚಿಕೊಳ್ಳುತ್ತಿದ್ದೆವು.

ಹೊತ್ತುಕೊಂಡು ನಡೆದವರು

ಮುಕ್ತಾಯದ ಮುಂದೆ ಮನುಷ್ಯ ಏನು ಮಾಡಬೇಕೆಂಬುದಕ್ಕೆ ನಮ್ಮ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದ್ದ ಶರಣರ ಮಹಾಕೂಟವೂ ಒಂದು ದಿನ ಚದುರಿತು. ಹರಳಯ್ಯ ಮಧುವರಸರ ಬಲಿದಾನದ ಬಳಿಕ ಶರಣರು ಕಲ್ಯಾಣವನ್ನು ತೊರೆದರು. ಧಾರಾವಾಹಿಯ ಮುಕ್ತಾಯವನ್ನು ಆ ಮಹಾದುಃಖದೊಡನೆ ತೂಗುವುದು ನಮ್ಮ ಉದ್ದೇಶವಲ್ಲ. ಕೂಟ ಮುರಿದಾಗ ಅವರು ಮಾಡಿದ್ದೇನು ಎಂಬುದಷ್ಟೇ ಇಲ್ಲಿ ನಮಗೆ ಪಾಠ. ಅವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. ಚೆನ್ನಬಸವಣ್ಣ, ಅಕ್ಕನಾಗಮ್ಮ ಮುಂತಾದವರು ಮುಂದೆ ನಡೆದರೆಂದೂ, ಮಡಿವಾಳ ಮಾಚಯ್ಯ ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದನೆಂದೂ ಪರಂಪರೆ ಹೇಳುತ್ತದೆ.

ಹೊತ್ತು ತಂದವರು ಮನೆಮನೆಗಳಲ್ಲಿ, ಮಠಗಳಲ್ಲಿ ಆ ಓಲೆಗಳನ್ನು ಕಾಪಾಡಿದರು. ಶತಮಾನಗಳ ತರುವಾಯ ಫ.ಗು. ಹಳಕಟ್ಟಿಯವರು (1880-1964) ಊರೂರು ಅಲೆದು ಅವನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತ ಓಲೆಯಾಗಿ ಕುಳಿತಿದ್ದ ಮಾತು ಮತ್ತೆ ಜನರ ಬಾಯಿಗೆ ಬಂದಿತು. ಕೂಟ ಚದುರಿದರೂ ಅದರ ಸಾರವನ್ನು ಹೊರುವ ಹೆಗಲುಗಳಿದ್ದುದರಿಂದ ಇಂದು ನಾವು ವಚನಗಳನ್ನು ಓದುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು

ಇಷ್ಟನ್ನು ವಿಚಾರಿಸಿದ ಮೇಲೆ ಕುಟುಂಬದವರ ಮುಂದೆ ಕೆಲವು ಸಲಹೆಗಳನ್ನು ವಿನಯದಿಂದ ಇಡುತ್ತೇವೆ.

ಮೊದಲನೆಯದಾಗಿ, ಮೆಚ್ಚಿನ ಧಾರಾವಾಹಿ ಮುಗಿದಾಗ ಬೇಸರಪಟ್ಟವರನ್ನು, ಅವರು ಎಂಟು ವರ್ಷದವರಾಗಲಿ ಎಂಬತ್ತು ವರ್ಷದವರಾಗಲಿ, ಹಾಸ್ಯ ಮಾಡಬಾರದು. ಅವರ ದಿನಚರಿಯ ಒಂದು ಕಂಬ ಬಿದ್ದಿರುತ್ತದೆ. ಒಬ್ಬಂಟಿ ಹಿರಿಯರಿಗೆ ಸಂಜೆಯ ಅರ್ಧ ಗಂಟೆ ಎಂಬುದು ಎಷ್ಟು ದೀರ್ಘವಾದದ್ದು ಎಂಬುದನ್ನು ಬಿಡುವಿಲ್ಲದ ನಾವು ಅರಿಯಬೇಕು.

ಎರಡನೆಯದಾಗಿ, ಕೊನೆಯ ಕಂತನ್ನು ಮನೆಮಂದಿಯೆಲ್ಲ ಕೂಡಿ ನೋಡುವುದು ಒಳ್ಳೆಯದು. ಸಾಧ್ಯವಾದರೆ ನೆರೆಯವರನ್ನೂ ಕರೆಯಬೇಕು. ಮನೆಗೆಲಸಕ್ಕೆ ಬರುವ ತಾಯಿಯನ್ನು ಬಾಗಿಲ ಬಳಿ ನಿಲ್ಲಿಸದೆ ಜೊತೆಯಲ್ಲಿ ಕೂರಿಸಿಕೊಳ್ಳಬೇಕು. ನೋಡಿ ಮುಗಿದೊಡನೆ ಪೆಟ್ಟಿಗೆಯನ್ನು ಆರಿಸಿ, ಪ್ರತಿಯೊಬ್ಬರೂ ತಮಗೆ ಮೆಚ್ಚುಗೆಯಾದ ಒಂದು ಪ್ರಸಂಗವನ್ನೂ, ಒಪ್ಪಿಗೆಯಾಗದ ಒಂದು ಪ್ರಸಂಗವನ್ನೂ ಹೇಳಲಿ. ಯಾರ ಕಥೆಯನ್ನು ಹೇಳದೆ ಬಿಟ್ಟರು ಎಂದು ಮಕ್ಕಳನ್ನು ಕೇಳಬೇಕು. ಜಾಲಂಧರದವರು ಕೇಳಿದ ಪ್ರಶ್ನೆಯದು. ಕಥೆಯನ್ನು ವಿವೇಕದಿಂದ ನೋಡುವ ಅಭ್ಯಾಸ ಅಲ್ಲಿಂದ ಆರಂಭವಾಗುತ್ತದೆ. ಬಳಿಕ ಒಂದಿಷ್ಟು ಅವಲಕ್ಕಿಯನ್ನೋ ಮಂಡಕ್ಕಿಯನ್ನೋ ಹಂಚಿಕೊಂಡರೆ ಅದೇ ಮನೆಯ ಮಂಗಲ.

ಮೂರನೆಯದಾಗಿ, ಮತ್ತು ಇದು ಮುಖ್ಯವಾದದ್ದು, ಧಾರಾವಾಹಿ ಮುಗಿದರೂ ಆ ವೇಳೆಯನ್ನು ಬಿಟ್ಟುಕೊಡಬಾರದು. ಅದೇ ಅರ್ಧ ಗಂಟೆ, ಅದೇ ಚಾಪೆ, ಅದೇ ಜನ. ಒಂದು ದಿನ ಒಂದು ವಚನ ಓದಿ ಅರ್ಥ ಮಾತನಾಡಿಕೊಳ್ಳಬಹುದು. ಇನ್ನೊಂದು ದಿನ ಅಜ್ಜಿ ತನ್ನ ತವರಿನ ಕಥೆ ಹೇಳಲಿ. ಮತ್ತೊಂದು ದಿನ ಮಕ್ಕಳು ತಮಗೆ ಪ್ರಿಯವಾದ ಕಥೆಯನ್ನು ಹೇಳಲಿ. ಅದು ನಮಗೆ ಹೊಸದಾದರೂ ಆಸ್ಥೆಯಿಂದ ಕೇಳೋಣ. ಮುಂದೆ ಒಳ್ಳೆಯ ಧಾರಾವಾಹಿಯೊಂದು ಬಂದರೆ ಅದನ್ನೂ ಆ ಚಾಪೆಯ ಮೇಲೆಯೇ ನೋಡಬಹುದು. ಕೂಡುವ ರೂಢಿಯೊಂದಿದ್ದರೆ ಕಥೆಗಳು ಬಂದು ಹೋಗುತ್ತಿರಲಿ, ತೊಂದರೆಯಿಲ್ಲ.

ನಾಲ್ಕನೆಯದಾಗಿ, ಮಠಗಳ ಪೂಜ್ಯರಲ್ಲಿಯೂ ಪ್ರವಚನ ಸಮಿತಿಯವರಲ್ಲಿಯೂ ಒಂದು ಬಿನ್ನಹ. ಶ್ರಾವಣದ ಪುರಾಣಕ್ಕೆ ಬರುವವರಲ್ಲಿ ಎಳೆಯರು ಕಡಿಮೆಯಾಗುತ್ತಿದ್ದಾರೆಂದು ಹಲವೆಡೆ ಹಿರಿಯರು ನೊಂದು ನುಡಿಯುವುದನ್ನು ಕೇಳುತ್ತೇವೆ. ಎಳೆಯರಿಗೆ ಕಥೆ ಬೇಡವಾಗಿಲ್ಲ; ರಾತ್ರಿಯಿಡೀ ಕಥೆ ನೋಡುವವರು ಅವರೇ. ಹಾರ್ಮೋನಿಯಮ್ಮಿನ ಮುಂದೆ, ಓದುವ ಪೀಠದ ಮುಂದೆ ಅವರಿಗೊಂದು ಸ್ಥಾನ ಕೊಟ್ಟು, ದಿನಕ್ಕೊಂದು ಪದ್ಯವನ್ನಾದರೂ ಅವರಿಂದ ಹಾಡಿಸಿದರೆ ಪುರಾಣವು ಅವರದೂ ಆಗುತ್ತದೆ. ಕಿಟಕಿಯಿಂದ ಇಣುಕುವವರನ್ನು ಒಳಗೆ ಕರೆಯುವ ಕೆಲಸ ಇಲ್ಲಿಯೂ ಇದೆ.

1976ರಲ್ಲಿ ಉಪಗ್ರಹ ಸರಿದುಹೋದಾಗ ಬಿಜಾಪುರ, ರಾಯಚೂರು ಸೀಮೆಯ ಹಳ್ಳಿಗಳಿಗೆ ಮರಳಿ ಹೋಗಲು ಒಂದು ಕಟ್ಟೆಯಿತ್ತು, ಒಂದು ಅಂಗಳವಿತ್ತು ಎಂದೆವು. ಇಂದು ನಮ್ಮ ಮಕ್ಕಳು ನೋಡುವ ಕಥೆಗಳೂ ಒಂದೊಂದಾಗಿ ಮುಗಿಯುತ್ತವೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮುಗಿದ ಮರುದಿನ ಅವರು ಬಂದು ಕೂರಲು ಮನೆಯಲ್ಲೊಂದು ಅಂಗಳವನ್ನು ಉಳಿಸಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಬರುವ ಶ್ರಾವಣದ ಪುರಾಣಕ್ಕೆ ಮನೆಯ ಕಿರಿಯರ ಕೈ ಹಿಡಿದು ಕರೆತರಬೇಕೆಂದು ಎಲ್ಲ ಸದ್ಭಕ್ತ ಕುಟುಂಬಗಳನ್ನು ಪ್ರಾರ್ಥಿಸುತ್ತೇವೆ.